ಚೈನ್ ಕೊಳ್ಳುವಾಗ ಏರು ನೋಡಬೇಡಿ, ಇಳಿಜಾರು ನೋಡಿ

ಮೇ ತಿಂಗಳು ಬಂತು ಅಂದ್ರೆ ನಮ್ಮ ಕಡೆಯ ಹುಡುಗರಿಂದ ಫೋನ್ ಶುರುವಾಗುತ್ತೆ. "ಅಣ್ಣಾ, ಪಿಕಪ್‌ಗೆ ಚೈನ್ ತಗೊಳ್ಳೋಣ ಅಂತಿದ್ದೀನಿ, ಯಾವುದು ಒಳ್ಳೇದು?" ಜೊತೆಗೆ ವಾಟ್ಸಾಪ್‌ನಲ್ಲಿ ಒಂದು ಲಿಂಕು, ಒಂದು ರೀಲು. ರೀಲಿನಲ್ಲಿ ಮನಾಲಿ ಕಡೆಯ ಹಿಮದ ರಸ್ತೆ, ಚೈನ್ ಕಟ್ಟಿದ ಗಾಡಿ ಸಲೀಸಾಗಿ ಮೇಲೆ ಹತ್ತುತ್ತಾ ಇರುತ್ತೆ. ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ: "ಲೋಡ್ ಇದ್ದಾಗ ನಿನ್ನ ಗಾಡಿ ಹತ್ತುತ್ತೋ, ಇಳಿಯುತ್ತೋ?"

ಹೆಚ್ಚಿನವರು ಇದನ್ನ ಯೋಚನೆ ಮಾಡಿರಲ್ಲ. ಮಲೆನಾಡಿನಲ್ಲಿ ಅಡಿಕೆ ತೋಟ ಇರೋದು ಕಣಿವೆಯ ತಳದಲ್ಲಿ, ಟಾರು ರಸ್ತೆ ಇರೋದು ಗುಡ್ಡದ ಮೇಲೆ. ಮಳೆಗಾಲದಲ್ಲಿ ಗೊಬ್ಬರ, ಸುಣ್ಣ, ಮೈಲುತುತ್ತ, ದನದ ಹಿಂಡಿ, ಸಿಮೆಂಟು, ಎಲ್ಲ ಮೇಲಿನಿಂದ ಕೆಳಗೆ ಬರೋ ಸಾಮಾನು. ಕೆಳಗಿಂದ ಮೇಲೆ ಹೋಗೋದು ಒಂದೆರಡು ಹಾಲಿನ ಕ್ಯಾನು, ಇಲ್ಲಾ ಖಾಲಿ ಗಾಡಿ. ಭಾರ ಇಳಿಯುತ್ತೆ, ಖಾಲಿ ಹತ್ತುತ್ತೆ. ಆದರೆ ಚೈನ್ ಕೊಳ್ಳುವಾಗ ಮಾತ್ರ ಎಲ್ಲರ ತಲೆಯಲ್ಲಿ ಇರೋದು "ಹತ್ತುತ್ತಾ?" ಅನ್ನೋ ಪ್ರಶ್ನೆ. ಹತ್ತದೇ ಹೋದರೆ ಏನಾಗುತ್ತೆ? ಗಾಡಿ ನಿಲ್ಲುತ್ತೆ, ಮೈಗೆ ಕೆಸರಾಗುತ್ತೆ, ಪಕ್ಕದ ಮನೆಯವರ ಟ್ರ್ಯಾಕ್ಟರ್ ಕರೀಬೇಕಾಗುತ್ತೆ. ಇಳಿಯುವಾಗ ಜಾರಿದರೆ ನಿಲ್ಲೋದು ಎಲ್ಲಿ ಅಂತ ನಿಮ್ಮ ರಸ್ತೆಯ ಕೆಳಗಿನ ತಿರುವಲ್ಲಿ ನಿಂತು ಒಮ್ಮೆ ನೋಡಿ.

ಚೈನ್ ಅನ್ನೋದು ಹಿಮಕ್ಕೇ ಹುಟ್ಟಿದ್ದಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಅನ್ನೋನು 1904ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡ. ಕೆಸರು, ಹಿಮ ಇದ್ದಾಗ ಜನ ಟೈರಿಗೆ ಹಗ್ಗ ಸುತ್ತಿಕೊಳ್ತಿದ್ದದ್ದನ್ನ ನೋಡಿ ಅವನಿಗೆ ಹೊಳೆಯಿತಂತೆ. ಹಾಗಾಗಿ ನಮ್ಮ ಜೀಪಿನವರು ಮಳೆಗಾಲಕ್ಕೆ ಚೈನ್ ಕಟ್ಟೋದು ಏನೋ ಅಡ್ಡದಾರಿಯ ಉಪಾಯ ಅಲ್ಲ, ಅದು ಮೊದಲಿಂದಲೂ ಇರೋ ಬಳಕೆ. ಆದರೆ ಈಗ ಆನ್‌ಲೈನ್‌ನಲ್ಲಿ "ಸ್ನೋ ಚೈನ್" ಅಂತ ಹುಡುಕಿದರೆ ಬರೋ ಮಾಲಿನಲ್ಲಿ ತುಂಬಾ ಪಾಲು ಹಿಮಕ್ಕೂ ಅಷ್ಟಕ್ಕಷ್ಟೇ, ನಮ್ಮ ಕೆಸರಿಗಂತೂ ಅಲ್ಲವೇ ಅಲ್ಲ.

ಪ್ಲಾಸ್ಟಿಕ್ ಪಟ್ಟಿಗೆ ಕೇಬಲ್ ಟೈ ಥರ ಗಂಟು ಹಾಕೋ ಮಾಲು ಒಂದು ಬರುತ್ತೆ. ನಮ್ಮ ಊರಿನ ಒಬ್ಬ ಹುಡುಗ ತರಿಸಿದ್ದ, ಎಂಟು ಪಟ್ಟಿ, ಕಿತ್ತಳೆ ಬಣ್ಣ, ನೋಡೋಕೆ ಚಂದ. ಮೊದಲನೇ ದಿಬ್ಬದಲ್ಲೇ ಮೂರು ಕಿತ್ತುಹೋಯ್ತು. ವಾಪಸ್ ಕಳಿಸ್ತೀನಿ ಅಂದರೆ ಮಾರಿದವರು ಬಳಸಿದ ಮಾಲು ತಗೊಳ್ಳಲ್ಲ ಅಂದರು. ಕಾರಿಗೆ ಹಾಕೋ ಬಟ್ಟೆಯ ಕವರ್ ಒಂದಿದೆ, ಹಿಮದಲ್ಲಿ ತುರ್ತಿಗೆ ನಡೆಯುತ್ತೆ, ಜಲ್ಲಿ ಮೇಲೆ ಹರಿದುಹೋಗುತ್ತೆ. ತೆಳು ತಂತಿ ಹಗ್ಗದ ಚೈನ್ ಇದೆ, ಅದು ಕೂಡ ಕಾರಿನ ಮಾಲು. ಪಿಕಪ್‌ಗೆ, ಅದೂ ಕೆಸರಿಗೆ, ಉಕ್ಕಿನ ಕೊಂಡಿಯ ಚೈನೇ ಬೇಕು. ಇದರಲ್ಲಿ ಎರಡನೇ ಮಾತಿಲ್ಲ.

ಉಕ್ಕಿನಲ್ಲೂ ಎರಡು ಥರ. ಒಂದು ಏಣಿ ಥರದ್ದು: ಟೈರಿನ ಒಳಗೊಂದು ಹೊರಗೊಂದು ಉದ್ದ ಚೈನ್, ನಡುವೆ ಮೆಟ್ಟಿಲಿನ ಹಾಗೆ ಅಡ್ಡ ಚೈನ್. ಇನ್ನೊಂದು ಡೈಮಂಡ್ ಅಂತಾರಲ್ಲ, ಜಾಳಿಗೆ ಹೆಣೆದ ಹಾಗೆ ಇರೋದು. ಏಣಿ ಚೈನ್ ಕೆಸರನ್ನ ಅಗೆಯುತ್ತೆ, ತನ್ನಷ್ಟಕ್ಕೆ ಕೊಡವಿಕೊಳ್ಳುತ್ತೆ, ಹತ್ತೋಕೆ ಭಾಳ ಚೆನ್ನಾಗಿದೆ. ಆದರೆ ಎರಡು ಅಡ್ಡ ಚೈನ್ ನಡುವೆ ಬರೀ ಟೈರೇ ನೆಲಕ್ಕೆ ತಾಗುತ್ತೆ, ಅಡ್ಡಕ್ಕೆ ಜಾರೋದನ್ನ ತಡೆಯೋ ಶಕ್ತಿ ಕಡಿಮೆ. ಡೈಮಂಡ್‌ನಲ್ಲಿ ಚೈನ್ ನೆಲ ಬಿಡೋದೇ ಇಲ್ಲ, ಓರೆಯಾಗಿ ಎಳೆದ ಕೊಂಡಿಗಳು ಪಕ್ಕಕ್ಕೂ ಹಿಡಿತ ಕೊಡುತ್ತವೆ. ನಿಮ್ಮ ರಸ್ತೆ ಒಂದು ಕಡೆ ಧರೆ, ಒಂದು ಕಡೆ ಇಳಿಜಾರು ಅಂತ ಹಳ್ಳದ ಕಡೆಗೆ ವಾಲಿಕೊಂಡಿದ್ದರೆ ನಾನು ಡೈಮಂಡೇ ಅನ್ನೋದು. ನೇರ ಏರಿನ ರಸ್ತೆಗೆ ಏಣಿ ಸಾಕು. ಅಂಗಡಿಯವರು ಇದನ್ನ ಕೇಳಲ್ಲ, ಇರೋದನ್ನ ಕೊಡ್ತಾರೆ.

ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಕೊಳ್ಳೋರೂ ಇದ್ದಾರೆ. ಅಗ್ಗ ಬೀಳುತ್ತೆ, ಅಳತೆಗೆ ಸರಿಯಾಗಿ ಮಾಡಿಕೊಡ್ತಾರೆ, ಹರಿದರೆ ಅಲ್ಲೇ ರಿಪೇರಿ. ನನಗೆ ಇದರ ಮೇಲೆ ಕೋಪ ಇಲ್ಲ. ಆದರೆ ಸಾಧಾರಣ ಕಬ್ಬಿಣದ ಕೊಂಡಿ ಬೇಗ ಸವೆಯುತ್ತೆ, ಹದ ಮಾಡಿದ ಉಕ್ಕಿನ ಹಾಗೆ ಬರಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಒಂದೊಂದೇ ಕೊಂಡಿ ಕೈಯಲ್ಲಿ ಹಿಡಿದು ನೋಡಬೇಕು. ಒಳಮೈ ಸವೆದು ತೆಳುವಾಗಿದ್ದರೆ ಆ ತುಂಡು ಬದಲಿಸಿ. ವೆಲ್ಡಿಂಗಿನ ಮೊನೆ ಟೈರಿನ ಕಡೆಗೆ ಇದ್ದರೆ ಗ್ರೈಂಡರ್ ಹಿಡಿಸಿ ನುಣುಪು ಮಾಡಿಸಿ, ಇಲ್ಲದಿದ್ದರೆ ಟೈರಿನ ಪಕ್ಕೆ ಸೀಳುತ್ತೆ.

ಅಳತೆ ವಿಷಯ. ಗಾಡಿ ಹೆಸರು ಹೇಳಿ ಚೈನ್ ತರಬೇಡಿ. ಒಂದೇ ಹೆಸರಿನ ಪಿಕಪ್ ಬೇರೆ ಬೇರೆ ಟೈರಿನಲ್ಲಿ ಬರುತ್ತೆ, ನಾವೂ ನಡುವೆ ದೊಡ್ಡ ಟೈರ್ ಹಾಕಿಸಿರ್ತೀವಿ. ಟೈರಿನ ಪಕ್ಕೆಯಲ್ಲಿ 215/75 ಆರ್ 15 ಅಂತಲೋ ಇನ್ನೊಂದೋ ಅಚ್ಚಾಗಿರುತ್ತೆ. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು ಹೋಗಿ. ಮೊದಲನೇ ಸಂಖ್ಯೆ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೇದು ಅಗಲಕ್ಕೆ ಹೋಲಿಸಿದರೆ ಪಕ್ಕೆಯ ಎತ್ತರ ಶೇಕಡಾ ಎಷ್ಟು ಅಂತ, ಕೊನೇದು ರಿಮ್ ಎಷ್ಟು ಇಂಚು ಅಂತ. ಮೂರೂ ಹೊಂದಬೇಕು. ರಿಸೋಲ್ ಮಾಡಿಸಿದ ಟೈರಿಗೆ ನಾನಂತೂ ಚೈನ್ ಹಾಕಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರ್ತೀನಿ.

ನಮ್ಮ ಸಾಮಾನ್ಯ ಪಿಕಪ್‌ಗಳು ಹಿಂದಿನ ಚಕ್ರದಿಂದ ಓಡೋ ಗಾಡಿಗಳು. ಎಂಜಿನ್ನಿನ ಶಕ್ತಿ ಹೋಗೋದು ಹಿಂದಕ್ಕೆ. ಅದಕ್ಕೇ ಒಂದೇ ಜೊತೆ ಚೈನ್ ಇದ್ದರೆ ಹಿಂದಕ್ಕೇ ಕಟ್ಟಬೇಕು, ಬೇರೆ ದಾರಿ ಇಲ್ಲ. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಕೆಸರಲ್ಲಿ ಚಕ್ರ ಬರೀ ಸುತ್ತುತ್ತೆ. ಚೈನ್ ಕಟ್ಟಿದ ಕೂಡಲೇ ಗಾಡಿ ಜಿಗಿದು ಹತ್ತುತ್ತೆ. ಹತ್ತಿದ ಖುಷಿಯಲ್ಲಿ "ಇನ್ನು ಯಾವ ರಸ್ತೆ ಆದರೂ ಸೈ" ಅನ್ನೋ ಧೈರ್ಯ ಬರುತ್ತೆ. ಅಪಾಯ ಇರೋದು ಈ ಧೈರ್ಯದಲ್ಲಿ.

ಇಳಿಯುವಾಗ ಲೆಕ್ಕ ಉಲ್ಟಾ. ಗಾಡಿ ಮುಂದಕ್ಕೆ ಬಾಗುತ್ತೆ, ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತೆ. ಬ್ರೇಕಿನ ಹೆಚ್ಚಿನ ಕೆಲಸ ಮಾಡೋದು ಮುಂದಿನ ಚಕ್ರ. ಗಾಡಿ ತಿರುಗಿಸೋದೂ ಅದೇ. ಆದರೆ ಚೈನ್ ಇರೋದು ಹಿಂದೆ! ಬ್ರೇಕ್ ಒತ್ತಿದರೆ ಚೈನ್ ಇಲ್ಲದ ಮುಂದಿನ ಚಕ್ರ ಲಾಕ್ ಆಗಿ ಸ್ಲೆಡ್ಜಿನ ಹಾಗೆ ಜಾರುತ್ತೆ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದ್ದರೂ ಗಾಡಿ ನೇರ ಹೋಗುತ್ತೆ. ನೇರಕ್ಕೆ ಏನಿದೆ ಅನ್ನೋದು ನಿಮ್ಮ ಅದೃಷ್ಟ.

ಪಕ್ಕದ ಹಳ್ಳಿಯಲ್ಲಿ ಕೆಲವು ವರ್ಷದ ಹಿಂದೆ ಪುನರ್ವಸು ಮಳೆಯಲ್ಲಿ ಹೀಗೇ ಆಯ್ತು. ಎರಡನೇ ಔಷಧಿ ಹೊಡೆಯೋ ಹೊತ್ತು. ಪಿಕಪ್‌ನ ಹಿಂದೆ ಬೋರ್ಡೋ ದ್ರಾವಣದ ಎರಡು ಡ್ರಮ್ಮು, ಅದರ ಪಕ್ಕದಲ್ಲಿ ನಾಲ್ಕು ಜನ ಕೆಲಸದವರು ನಿಂತಿದ್ದರು. ಹಿಂದಿನ ಚಕ್ರಕ್ಕೆ ಒಳ್ಳೇ ಚೈನ್ ಇತ್ತು, ಓಡಿಸ್ತಿದ್ದವನೂ ಹಳಬ. ತಿರುವಿನಲ್ಲಿ ಗಾಡಿ ತಿರುಗಲಿಲ್ಲ. ಎದುರಿಗೆ ಒಂದು ಹಲಸಿನ ಮರ ಇದ್ದಿದ್ದಕ್ಕೆ ಗಾಡಿ ಹಳ್ಳಕ್ಕೆ ಬೀಳಲಿಲ್ಲ. ಡ್ರಮ್ ಉರುಳಿ ಒಬ್ಬರ ಕಾಲಿನ ಮೂಳೆ ಎರಡು ಕಡೆ ಮುರೀತು. ಅವರು ಆಮೇಲೆ ಅಡಿಕೆ ಮರ ಹತ್ತಲಿಲ್ಲ. ಮರ ಹತ್ತೋದೇ ಅವರ ಮನೆಯ ಊಟ.

ಆ ಡ್ರಮ್ಮಿನ ಲೆಕ್ಕ ನೋಡಿ. 200 ಲೀಟರಿನ ಡ್ರಮ್ ತುಂಬಿದರೆ ಬರೀ ನೀರಿನ ತೂಕವೇ 200 ಕಿಲೋ. ಎರಡಾದರೆ 400. ಅರ್ಧ ತುಂಬಿದ್ದರೆ ಇನ್ನೂ ಕೆಟ್ಟದ್ದು, ಬ್ರೇಕ್ ಹಾಕಿದಾಗ ಒಳಗಿನ ನೀರು ಮುಂದಕ್ಕೆ ನುಗ್ಗಿ ಗಾಡಿಯನ್ನ ತಳ್ಳುತ್ತೆ. ಶೇಕಡಾ 1ರ ಬೋರ್ಡೋಗೆ ಬೇಕಾದ್ದು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 400 ಲೀಟರಿಗೆ ಹೊರಬೇಕಾದ ಮಾಲು ಒಟ್ಟು 8 ಕಿಲೋ ಮಾತ್ರ! ನೀರು ಕೆಳಗೆ ತೋಟದ ಹತ್ತಿರವೇ ಹರೀತಾ ಇದೆ. ಮೇಲೆ ಮನೆ ಅಂಗಳದಲ್ಲಿ ಕಲಸಿ, ಕೆಸರಲ್ಲಿ ಹೊತ್ತು ಇಳಿಸೋದು ಯಾಕೆ? ಖಾಲಿ ಡ್ರಮ್ ಇಳಿಸಿ, ಕೆಳಗೇ ಕಲಸಿ. ಇಷ್ಟಕ್ಕೆ ಯಾವ ಚೈನೂ ಬೇಡ. ಕೆಲಸದವರು ನಡೆದುಕೊಂಡು ಬರಲಿ, ನೀವೇ ಹತ್ತಿಸಿಕೊಳ್ಳಬೇಡಿ. ಸಾಮಾನಿನ ಗಾಡಿ ಜನ ಸಾಗಿಸೋಕೆ ಇರೋದಲ್ಲ, ಕೆಸರಿನ ಇಳಿಜಾರಲ್ಲಂತೂ ಅಲ್ಲವೇ ಅಲ್ಲ.

ಹಾಗಾದರೆ ಇಳಿಯಲೇಬೇಕಾದರೆ? ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಭಾರ ಹೇರಿಕೊಂಡು ಕೆಸರಿನ ಇಳಿಜಾರು ಇಳಿಯೋರು ನಾಲ್ಕೂ ಚಕ್ರಕ್ಕೆ ಚೈನ್ ಹಾಕಬೇಕು. ಒಂದು ಜೊತೆಗೆ ಮಾತ್ರ ದುಡ್ಡಿದೆ ಅಂದರೆ ಚೈನ್ ಕಟ್ಟಿ ಖಾಲಿ ಗಾಡಿ ಓಡಿಸಿ, ಲೋಡನ್ನ ಮೇಲೇ ಇಳಿಸಿ. "ಮುಂದಕ್ಕೊಂದು ಹಿಂದಕ್ಕೊಂದು ಕಟ್ತೀನಿ" ಅಂತ ಒಬ್ಬ ಕೇಳಿದ್ದ. ಹಾಗೆ ಮಾಡಲೇಬೇಡಿ. ಒಂದೇ ಆಕ್ಸಲ್ಲಿನ ಒಂದು ಚಕ್ರಕ್ಕೆ ಮಾತ್ರ ಚೈನ್ ಇದ್ದರೆ, ಚೈನ್ ಇಲ್ಲದ್ದು ಸುತ್ತುತ್ತೆ, ಇದ್ದದ್ದು ಸುಮ್ಮನೆ ನಿಲ್ಲುತ್ತೆ. ಬ್ರೇಕ್ ಹಾಕಿದರೆ ಗಾಡಿ ಒಂದು ಕಡೆಗೆ ಎಳೆಯುತ್ತೆ. ಚೈನ್ ಯಾವಾಗಲೂ ಜೊತೆಯಾಗಿಯೇ.

ಫೋರ್ ವೀಲ್ ಡ್ರೈವ್ ಇರೋ ಪಿಕಪ್ ಇದ್ದರೆ ಇಳಿಯುವಾಗ ನಿಜಕ್ಕೂ ಅನುಕೂಲ ಇದೆ. ಲೋ ಗೇರಿಗೆ ಹಾಕಿ, ಫಸ್ಟ್‌ನಲ್ಲಿ ಇಳಿದರೆ ಎಂಜಿನ್ ನಾಲ್ಕೂ ಚಕ್ರವನ್ನ ಹಿಡಿದು ನಿಧಾನವಾಗಿ ಉರುಳಿಸುತ್ತೆ, ಮುಂದಿನದ್ದು ಅಷ್ಟು ಸುಲಭಕ್ಕೆ ಲಾಕ್ ಆಗಲ್ಲ. ಇದನ್ನ ಜನ ಹತ್ತೋಕೆ ಅಂತ ಕೊಳ್ತಾರೆ, ಬೆಲೆ ಬರೋದು ಇಳಿಯುವಾಗ. ಒಂದೇ ಜೊತೆ ಚೈನ್ ಇದ್ದರೆ ಯಾವ ಚಕ್ರಕ್ಕೆ ಅನ್ನೋದನ್ನ ಗಾಡಿಯ ಜೊತೆ ಬಂದ ಪುಸ್ತಕದಲ್ಲೇ ನೋಡಿ. ಆ ಪುಸ್ತಕ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಕವರ್ ಕೂಡ ಬಿಚ್ಚದೆ ಮಲಗಿರುತ್ತೆ, ನನಗೆ ಗೊತ್ತು.

ಟೂ ವೀಲ್ ಡ್ರೈವಿನವರೂ ಅಷ್ಟೇ: ಇಳಿಜಾರು ಶುರುವಾಗೋಕೆ ಮೊದಲೇ ಫಸ್ಟ್ ಗೇರಿಗೆ ಬನ್ನಿ, ಕ್ಲಚ್ಚಿನಿಂದ ಕಾಲು ತೆಗೆಯಿರಿ, ಕೆಳಗೆ ಮುಟ್ಟೋವರೆಗೆ ಕ್ಲಚ್ ಮುಟ್ಟಬೇಡಿ. ಬ್ರೇಕನ್ನ ಸವರಿದ ಹಾಗೆ ಒತ್ತಿ. ಮುಂದಿನ ಚಕ್ರ ಜಾರಿತು ಅನ್ನಿಸಿದರೆ ಬ್ರೇಕ್ ಬಿಡಬೇಕು, ಚಕ್ರ ಉರುಳಿದರೆ ಮಾತ್ರ ಗಾಡಿ ತಿರುಗುತ್ತೆ. ಭಯದಲ್ಲಿ ಕಾಲು ಇದಕ್ಕೆ ಒಪ್ಪಲ್ಲ. ಅದಕ್ಕೇ ಮೊದಲು ಖಾಲಿ ಗಾಡಿಯಲ್ಲಿ, ಚಿಕ್ಕ ಇಳಿಜಾರಲ್ಲಿ, ಕೆಳಗೆ ಬಯಲು ಇರೋ ಕಡೆ ಅಭ್ಯಾಸ ಮಾಡಿ.

ಚೈನ್ ಕಟ್ಟೋದನ್ನ ಕೂಡ ಒಣ ದಿನದಲ್ಲೇ ಅಂಗಳದಲ್ಲಿ ಎರಡು ಸಲ ಮಾಡಿ ಕಲೀಬೇಕು. ರಾತ್ರಿ, ಮಳೆಯಲ್ಲಿ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಯೂಟ್ಯೂಬ್ ನೋಡ್ತಾ ಕಟ್ಟೋಕೆ ಆಗಲ್ಲ, ಅಲ್ಲಿ ನೆಟ್‌ವರ್ಕೂ ಇರಲ್ಲ. ಜಾಗ ಸಮತಟ್ಟಾಗಿರಬೇಕು, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಬೇಕು. ಮೊಣಕಾಲು ಊರೋಕೆ ಒಂದು ಅಡಿಕೆ ಹಾಳೆ, ಕೈಗೆ ಗ್ಲೌಸ್. ಚೈನನ್ನ ಮೊದಲು ನೆಲದ ಮೇಲೆ ಹರಡಿ ಸಿಕ್ಕು ಬಿಡಿಸಿ. ಕೊಕ್ಕೆಗಳ ತೆರೆದ ಬಾಯಿ ಹೊರಗೆ ಬರೋ ಹಾಗೆ, ನುಣುಪು ಬದಿ ಟೈರಿಗೆ ತಾಗೋ ಹಾಗೆ ಚಕ್ರದ ಮೇಲೆ ಹೊದಿಸಿ. ಆಮೇಲೆ ಕಲ್ಲು ತೆಗೆದು ಗಾಡಿಯನ್ನ ಸ್ವಲ್ಪ ಮುಂದಕ್ಕೆ ಬಿಟ್ಟು ಮತ್ತೆ ನಿಲ್ಲಿಸಿ, ಒಳಗಿನ ಕೊಕ್ಕೆ ಮೊದಲು, ಹೊರಗಿನದ್ದು ಆಮೇಲೆ. ಬಿಗಿ ಆಗೋಕೆ ಟೈರಿನ ಗಾಳಿ ಇಳಿಸಬೇಡಿ. ಹೊರಗಡೆಗೆ ರಬ್ಬರ್ ಟೆನ್ಷನರ್ ಹಾಕಿ, ಹಳೇ ಟ್ಯೂಬ್ ಕತ್ತರಿಸಿದ್ದಾದರೂ ನಡೆಯುತ್ತೆ. ಉಳಿದ ಬಾಲವನ್ನ ತಂತಿಯಿಂದ ಕಟ್ಟಿ. ನೂರು ಮೀಟರ್ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಈ ಎರಡನೇ ಬಿಗಿತವನ್ನ ಯಾರೂ ಮಾಡಲ್ಲ, ಚೈನ್ ಬಿಚ್ಚಿಕೊಳ್ಳೋದು ಅದಕ್ಕೇ.

ಸಡಿಲ ಚೈನ್ ಚಾಟಿ ಇದ್ದ ಹಾಗೆ. ಅದು ಮಡ್‌ಗಾರ್ಡಿಗೆ ಹೊಡೆದರೆ ಸದ್ದು, ಬ್ರೇಕಿನ ಪೈಪಿಗೆ ಹೊಡೆದರೆ ಬ್ರೇಕೇ ಇಲ್ಲ. ಮುಂದಿನ ಚಕ್ರಕ್ಕೆ ಹಾಕೋರು ಸ್ಟೇರಿಂಗನ್ನ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಪೈಪ್, ಎಬಿಎಸ್ ವೈರು, ಸಸ್ಪೆನ್ಶನ್ನಿನ ತೋಳು ಯಾವುದಕ್ಕೂ ತಾಗಲ್ಲ ಅನ್ನೋದನ್ನ ಕಣ್ಣಾರೆ ನೋಡಿಕೊಳ್ಳಬೇಕು. ಜಾಗ ಸಾಲದಿದ್ದರೆ ಆ ಗಾಡಿಗೆ ಮುಂದೆ ಚೈನ್ ಇಲ್ಲ ಅಂತಲೇ ಅರ್ಥ, ಅದಕ್ಕೆ ತಕ್ಕ ಹಾಗೆ ಓಡಾಟ ಇಟ್ಟುಕೊಳ್ಳಬೇಕು.

ವೇಗ ಗಂಟೆಗೆ 15-20 ಕಿಲೋಮೀಟರ್ ಸಾಕು. ಚಕ್ರ ಒಂದೇ ಕಡೆ ಸುತ್ತೋಕೆ ಶುರುವಾದರೆ ಆಕ್ಸಿಲರೇಟರ್ ಬಿಟ್ಟುಬಿಡಿ. ಚೈನ್ ಇರೋ ಚಕ್ರ ಜೋರಾಗಿ ಸುತ್ತುತ್ತಾ ಇದ್ದಕ್ಕಿದ್ದ ಹಾಗೆ ಕಲ್ಲು ಹಿಡಿದರೆ ಆ ಪೆಟ್ಟು ಹೋಗೋದು ಹಾಫ್ ಶಾಫ್ಟ್‌ಗೆ, ಕ್ರೌನಿಗೆ. ಆಗ ಯಾರೂ ಹಿಂದೆ ನಿಂತು ತಳ್ಳಬಾರದು. ಚೈನ್ ಎಸೆಯೋ ಕಲ್ಲು, ತುಂಡಾದ ಕೊಂಡಿ, ಎರಡೂ ಗುಂಡಿನ ಥರ ಬರುತ್ತೆ.

ಎಲ್ಲ ಕೆಸರೂ ಒಂದೇ ಅಲ್ಲ ಅನ್ನೋದು ಇನ್ನೊಂದು ಮಾತು. ನಮ್ಮ ಕೆಂಪು ಮಣ್ಣಿನ ರಸ್ತೆಯಲ್ಲಿ ಮೇಲೆ ಮೂರ್ನಾಲ್ಕು ಇಂಚು ಬೆಣ್ಣೆಯಂಥ ಕೆಸರು, ಕೆಳಗೆ ಗಟ್ಟಿ ಜಂಬಿಟ್ಟಿಗೆ ನೆಲ. ಚೈನ್ ಮೇಲಿನದ್ದನ್ನ ಸೀಳಿ ಕೆಳಗಿನದ್ದನ್ನ ಹಿಡಿಯುತ್ತೆ. ಬಯಲುಸೀಮೆಯ ಎರೆ ಹೊಲದಲ್ಲಿ, ಗದ್ದೆ ಬಯಲಲ್ಲಿ ಕೆಳಗೆ ಗಟ್ಟಿ ಅನ್ನೋದೇ ದೂರ. ಅಲ್ಲಿ ಚೈನ್ ತಾನೇ ಗುಂಡಿ ತೋಡಿಕೊಂಡು ಆಕ್ಸಲ್ ತನಕ ಗಾಡಿ ಹೂತುಹಾಕುತ್ತೆ. ಧಾರವಾಡ, ಗದಗ ಕಡೆಯ ಗೆಳೆಯರು ಈ ಲೇಖನ ಓದಿ ಚೈನ್ ತರಿಸಬೇಡಿ, ಆ ದುಡ್ಡಿಗೆ ಎರಡು ಗಟ್ಟಿ ಹಲಗೆ, ಒಂದು ಒಳ್ಳೇ ಎಳೆಯೋ ಹಗ್ಗ ಇಟ್ಟುಕೊಳ್ಳಿ.

ಟಾರು ಸಿಕ್ಕ ತಕ್ಷಣ ಚೈನ್ ಬಿಚ್ಚಿ. ಬರೀ ಟಾರಿನ ಮೇಲೆ, ಕಾಂಕ್ರೀಟಿನ ಮೇಲೆ ಉಕ್ಕಿನ ಚೈನ್ ಜಾರುತ್ತೆ, ಕೊಂಡಿ ಸವೆಯುತ್ತೆ, ರಸ್ತೆಯೂ ಹಾಳು. "ಎರಡೇ ಕಿಲೋಮೀಟರ್ ಅಲ್ವಾ" ಅಂತ ಹಾಗೇ ಪೇಟೆಗೆ ಹೋಗೋರನ್ನ ಕಂಡರೆ ನನಗೆ ಮೈ ಉರಿಯುತ್ತೆ. ಆ ಕಾಂಕ್ರೀಟಿಗಾಗಿ ಊರಿನವರು ಎಷ್ಟು ವರ್ಷ ಅರ್ಜಿ ಹಿಡಿದು ಓಡಾಡಿರ್ತಾರೆ ಅಂತ ಮನೆಯ ಹಿರಿಯರನ್ನ ಕೇಳಿ.

ಮಣ್ಣಿನ ರಸ್ತೆಯಲ್ಲೂ ಅಷ್ಟೇ, ಚೈನ್ ಹಾಕಿದ ಗಾಡಿ ಒಂದು ಸಲ ಹೋದರೆ ಎರಡು ಸಾಲು ಗಾಲಿ ಗುರುತು ಆಳವಾಗುತ್ತೆ. ಮರುದಿನದ ಮಳೆ ಆ ಸಾಲಿನಲ್ಲೇ ಹರಿಯುತ್ತೆ. ಆರಿದ್ರಾದಲ್ಲಿ ಗಾಲಿ ಗುರುತು, ಪುಷ್ಯ ಮಳೆಗೆ ಅದೇ ಚರಂಡಿ. ಹಿಂದೆ ಬರೋ ಶಾಲೆ ಮಕ್ಕಳು, ಹಾಲು ತರೋ ಸ್ಕೂಟರಿನವರು ಎಲ್ಲಿ ಕಾಲಿಡಬೇಕು? ನಮ್ಮ ಒಳರಸ್ತೆಯ ಮೂರು ಮನೆಯವರು ಸೇರಿ ಮಾಡಿಕೊಂಡದ್ದು ಇಷ್ಟು: ಗೊಬ್ಬರ, ಸುಣ್ಣ, ಹಿಂಡಿ ಎಲ್ಲ ಮೃಗಶಿರಾ ಮಳೆ ಹಿಡಿಯೋಕೆ ಮೊದಲೇ ಕೆಳಗೆ ಇಳಿಯಬೇಕು. ಇಳಿಜಾರಿನ ಉದ್ದಕ್ಕೂ ಅಲ್ಲಲ್ಲಿ ರಸ್ತೆಗೆ ಓರೆಯಾಗಿ ಕಪ್ಪು ತೆಗೆದು ನೀರನ್ನ ಪಕ್ಕಕ್ಕೆ ಬಿಟ್ಟಿದ್ದೀವಿ, ಕಪ್ಪಿನ ಬಾಯಿಗೆ ಕಲ್ಲು ಹಾಸಿದ್ದೀವಿ. ಕೆಳಗಿನ ತಿರುವಿನಲ್ಲಿ ಹಳ್ಳದ ಕಡೆಗೆ ಮಣ್ಣಿನ ದಿಂಡು ಎತ್ತರಿಸಿದ್ದೀವಿ. ಜೆಸಿಬಿ ಖರ್ಚು ಮೂರು ಪಾಲು. ನಾಲ್ಕು ಚೈನ್ ಕೂಡ ಮೂರು ಮನೆಗೆ ಸೇರಿ ಒಂದೇ ಸೆಟ್ಟು, ಯಾಕಂದರೆ ಮೂರೂ ಪಿಕಪ್‌ಗೆ ಟೈರಿನ ಅಳತೆ ಒಂದೇ.

ಕೆಲಸ ಮುಗಿದ ಮೇಲೆ ಚೈನನ್ನ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ ತೂತಿರೋ ಬಕೆಟ್ಟಿನಲ್ಲಿ ಹಾಕಿಡ್ತೀವಿ. ಬಕೆಟ್ ನಡುವಿನ ಮನೆಯ ಕೊಟ್ಟಿಗೆಯಲ್ಲಿ ಇರುತ್ತೆ. ಬೇಕಾದವರು ತಗೊಂಡು ಹೋಗ್ತಾರೆ, ಕೊಂಡಿ ತುಂಡಾಗಿದ್ದರೆ ಅವರೇ ವೆಲ್ಡಿಂಗಿಗೆ ಕೊಟ್ಟು ಸರಿ ಮಾಡಿಸಿ ವಾಪಸ್ ಇಡಬೇಕು.